6400 ಡಿಪಿಐ ಇಟ್ಟರೆ ನಕ್ಷತ್ರ ಜಾಸ್ತಿ ಬರುತ್ತಾ?

ಪ್ರಶ್ನೆ: 1997ರಲ್ಲಿ ಅಪ್ಪ ನಮ್ಮ ತೀರ್ಥಹಳ್ಳಿ ಮನೆಯ ಅಂಗಳದಿಂದ ಹೇಲ್-ಬಾಪ್ ಧೂಮಕೇತುವಿನ ಫೋಟೋ ತೆಗೆದಿದ್ದರು. ನೆಗೆಟಿವ್ ಇದೆ. ಮನೆಯ ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ 6400 ಡಿಪಿಐ ಇಟ್ಟರೆ ಪ್ರಿಂಟಿನಲ್ಲಿ ಕಾಣದ ನಕ್ಷತ್ರಗಳೂ ಬರುತ್ತವಾ?

ಉತ್ತರ: ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಪ್ರಿಂಟಿನಲ್ಲಿ ಕಾಣದ ನಕ್ಷತ್ರ ನೆಗೆಟಿವ್‌ನಲ್ಲಿ ಇರಬಹುದು. ಆದರೆ ಅದನ್ನು ಹೊರಗೆ ತರುವುದು ಡಿಪಿಐ (ಒಂದು ಇಂಚಿನಲ್ಲಿ ಸ್ಕ್ಯಾನರ್ ಓದುವ ಚುಕ್ಕೆಗಳ ಎಣಿಕೆ) ಅಲ್ಲ.

ಮೊದಲು ಸ್ಕ್ಯಾನರ್ ಮುಚ್ಚಳ ನೋಡಿ. ಅದರೊಳಗೆ ಲೈಟ್ ಇರಬೇಕು. ಆಧಾರ್ ಕಾಪಿ ತೆಗೆಯುವ ಸಾದಾ ಸ್ಕ್ಯಾನರ್‌ಗೆ ಬೆಳಕು ಕೆಳಗಿನಿಂದ ಮಾತ್ರ. ಫಿಲ್ಮಿಗೆ ಅದು ಆಗುವುದಿಲ್ಲ.

ಈಗ ಆ 6400. ಎಪ್ಸನ್ ವಿ600 ಸ್ಕ್ಯಾನರ್ ಡಬ್ಬದ ಮೇಲೆ 6400 ಅಂತಲೇ ಇದೆ. ಪರೀಕ್ಷೆ ಮಾಡಿದವರಿಗೆ ನಿಜವಾಗಿ ಸಿಕ್ಕ ವಿವರ ಸುಮಾರು 1600 ಡಿಪಿಐಯಷ್ಟೇ. ಉಳಿದದ್ದು ಮಜ್ಜಿಗೆಗೆ ನೀರು ಬೆರೆಸಿದ ಹಾಗೆ: ಪಾತ್ರೆ ತುಂಬುತ್ತದೆ, ಬೆಣ್ಣೆ ಹೆಚ್ಚಾಗುವುದಿಲ್ಲ. 6400ರ ಬದಲು 2400 ಇಟ್ಟರೆ ಏನಾಗುತ್ತದೆ, ಲೆಕ್ಕವನ್ನೇ ಹಾಕೋಣ. 2400 ಡಿಪಿಐಯಲ್ಲಿ ಒಂದು ಪಿಕ್ಸೆಲ್ ಅಂದರೆ ಫಿಲ್ಮಿನ ಮೇಲೆ ಸುಮಾರು 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಸಾಧಾರಣ ಲೆನ್ಸಿನಲ್ಲಿ ಒಂದು ಸಣ್ಣ ನಕ್ಷತ್ರವೇ 20-30 ಮೈಕ್ರಾನ್ ಹರಡಿರುತ್ತದೆ. ಅಂದರೆ ಎರಡು-ಮೂರು ಪಿಕ್ಸೆಲ್. ಅಷ್ಟು ಸಾಕಲ್ವಾ? 6400ರಲ್ಲಿ ಅದೇ ಚುಕ್ಕೆ ದಪ್ಪಗಾಗುತ್ತದೆ. ಫೈಲು 45 ಎಂಬಿ ಇದ್ದದ್ದು 330 ಎಂಬಿ ಆಗುತ್ತದೆ. ಅಂದು ಫಿಲ್ಮಿನ ಮೇಲೆ ಬೀಳದ ಬೆಳಕನ್ನು ಇಂದು ಯಾವ ಸ್ಕ್ಯಾನರ್ರೂ ಹುಟ್ಟಿಸುವುದಿಲ್ಲ.

ಮಸುಕು ನಕ್ಷತ್ರ, ಬಾಲದ ತುದಿ ಬೇಕಾದರೆ 16 ಬಿಟ್ ಆರಿಸಿ, ಟಿಫ್ (TIFF) ಫೈಲಾಗಿ ಉಳಿಸಿ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ ಕತ್ತಲೆಯಿಂದ ಬೆಳಕಿನವರೆಗೆ 256 ಮೆಟ್ಟಿಲು, 16ರಲ್ಲಿ 65,536. ಕತ್ತಲೆ ಆಕಾಶವನ್ನು ಎಳೆದು ಬೆಳಗಿಸುವಾಗ ಈ ಮೆಟ್ಟಿಲುಗಳೇ ಕೆಲಸಕ್ಕೆ ಬರುವುದು. ಶಾರ್ಪನಿಂಗ್, ಆಟೋ ಎಕ್ಸ್‌ಪೋಷರ್ ಎಲ್ಲ ಬಂದ್ ಮಾಡಿ. ಆಟೋ ಕ್ರಾಪ್ ಕೂಡ. ಆಕಾಶದ ಫ್ರೇಮಿಗೂ ಪಕ್ಕದ ಖಾಲಿ ಫಿಲ್ಮಿಗೂ ವ್ಯತ್ಯಾಸ ಕಡಿಮೆ, ಹಾಗಾಗಿ ಸಾಫ್ಟ್‌ವೇರ್‌ಗೆ ಅಂಚೇ ಸಿಗದೆ ಚಿತ್ರವನ್ನು ನಡುವೆ ಕತ್ತರಿಸುತ್ತದೆ. ಹಿಂದೆ ಸ್ಟುಡಿಯೋಗಳಲ್ಲೂ ಹೀಗೇ ಆಗುತ್ತಿತ್ತು. ಅದಕ್ಕೇ ತಿಳಿದವರು ರೋಲಿನ ಮೊದಲ ಫ್ರೇಮನ್ನು ಹಗಲಲ್ಲೇ ತೆಗೆದಿಡುತ್ತಿದ್ದರು, ಅದನ್ನು ನೋಡಿ ಉಳಿದವುಗಳ ಅಂಚು ಗೊತ್ತಾಗಲಿ ಅಂತ.

ಇನ್ನು ಧೂಳು. ನೆಗೆಟಿವ್ ಮೇಲಿನ ಧೂಳು ಬೆಳಕು ತಡೆಯುತ್ತದೆ, ನೆಗೆಟಿವ್ ಚಿತ್ರವನ್ನು ಪಾಸಿಟಿವ್ ಮಾಡಿದಾಗ ಬಿಳಿ ಚುಕ್ಕೆಯಾಗುತ್ತದೆ. ಥೇಟ್ ನಕ್ಷತ್ರ! ಎರಡು ಸಲ ಸ್ಕ್ಯಾನ್ ಮಾಡಿ, ಪ್ರತಿ ಸಲವೂ ಮೊದಲು ಬ್ಲೋವರ್‌ನಿಂದ ಗಾಳಿ ಹೊಡೆಯಿರಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದು ಧೂಳು. ಅದೇ ಆಕಾಶದ ಎರಡು ಫ್ರೇಮ್ ಇದ್ದರೆ ಇನ್ನೂ ಒಳ್ಳೆಯದು.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮಲೆನಾಡಿನ ಮಳೆಗಾಲದಲ್ಲಿ ನೆಗೆಟಿವ್‌ಗೆ ಬೂಷ್ಟು ಹಿಡಿಯುತ್ತದೆ. ಜೇಡರ ಬಲೆಯಂಥ ಎಳೆಗಳು ಕಂಡರೆ ದಯವಿಟ್ಟು ನೀರಲ್ಲಿ ತೊಳೆಯಬೇಡಿ. ಬೂಷ್ಟು ತಿಂದ ಜೆಲಾಟಿನ್ ನೀರಲ್ಲಿ ಕರಗುತ್ತದೆ, ಅದರ ಜೊತೆ ಚಿತ್ರವೂ ಹೋಗುತ್ತದೆ. ಮೊದಲು ಇದ್ದ ಹಾಗೇ ಸ್ಕ್ಯಾನ್ ಮಾಡಿಕೊಳ್ಳಿ. ಆಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಟ್ಟದ ಮೇಲೆ ಬೇಡ. ಬಣ್ಣ ಬದಲಾಗುವಂಥ ಜೆಲ್ ಆದರೆ, ಬಣ್ಣ ಬದಲಾದಾಗ ಹೊಸದು ಹಾಕಿ.