ಸುಕ್ಕು ಬಟಾಣಿಯ ಜೀನ್ ಸಿಕ್ಕಿತು, ಸುಕ್ಕಿನ ಜೀನ್ ಸಿಗಲಿಲ್ಲ

ಜೀನನ್ನು ‘ಕ್ಲೋನ್ ಮಾಡಿದರು’ ಎಂದೊಡನೆ ಬಹಳ ಜನರ ಕಣ್ಣಮುಂದೆ ಇನ್ನೊಂದು ಕುರಿಯ ತದ್ರೂಪಾಗಿ 1996ರಲ್ಲಿ ಹುಟ್ಟಿದ ಡಾಲಿ ಎಂಬ ಕುರಿ ಬಂದು ನಿಲ್ಲುತ್ತದೆ. ಸಸ್ಯವಿಜ್ಞಾನಿ ಆ ಮಾತನ್ನು ಆಡುವಾಗ ಅವನ ಮನಸ್ಸಿನಲ್ಲಿ ಕುರಿಯೂ ಇಲ್ಲ, ಜೋಡಿ ಗಿಡವೂ ಇಲ್ಲ. ಕೋಟಿಗಟ್ಟಲೆ ಅಕ್ಷರಗಳ ಡಿಎನ್‌ಎಯಲ್ಲಿ ತನಗೆ ಬೇಕಾದ ಕೆಲವು ಸಾವಿರ ಅಕ್ಷರಗಳ ತುಂಡೊಂದನ್ನು ಹುಡುಕಿ ಹೊರತೆಗೆದು, ಬ್ಯಾಕ್ಟೀರಿಯಾದೊಳಗೆ ಇಟ್ಟು, ಅದರ ಪ್ರತಿಗಳನ್ನು ಬೇಕಾದಷ್ಟು ಬೆಳೆಸಿಕೊಳ್ಳುವುದಷ್ಟೇ ಅವನ ಅರ್ಥ. ಈ ತಪ್ಪು ತಿಳಿವಳಿಕೆಯಿಂದ ಹೆಚ್ಚಿನ ಹಾನಿಯೇನೂ ಇಲ್ಲ. ನನ್ನ ತಾಳ್ಮೆ ಕೆಡಿಸುವುದು ಇನ್ನೊಂದು: ಇಂಥ ಗುಣಕ್ಕೆ ಇಂಥ ಜೀನ್, ಅದು ಸಿಕ್ಕರೆ ಗುಣವೇ ಕೈಗೆ ಸಿಕ್ಕಿತು ಎಂಬ ನಂಬಿಕೆ. ಇದಕ್ಕೆ ಉತ್ತರ ಹೇಳಲು ಮೆಂಡೆಲ್‌ನ ಬಟಾಣಿಗಿಂತ ಒಳ್ಳೆಯ ಸಾಕ್ಷಿ ಬೇರೊಂದಿಲ್ಲ.

ಈಗಿನ ಚೆಕ್ ದೇಶದ ಬ್ರನೋ ನಗರದ ಮಠದ ತೋಟದಲ್ಲಿ 1856ರಿಂದ 1863ರವರೆಗೆ ಗ್ರೆಗರ್ ಮೆಂಡೆಲ್ ಬಟಾಣಿ ಬೆಳೆದದ್ದು ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ನುಣುಪು ಕಾಳಿನ ತಳಿಯನ್ನೂ ಸುಕ್ಕು ಕಾಳಿನ ತಳಿಯನ್ನೂ ಕೂಡಿಸಿದಾಗ ಹುಟ್ಟಿದ ಕಾಳುಗಳೆಲ್ಲ ನುಣುಪಾಗಿದ್ದವು. ಅವನ್ನು ಬಿತ್ತಿ ಬೆಳೆದ 253 ಗಿಡಗಳಲ್ಲಿ 7324 ಕಾಳುಗಳು ಸಿಕ್ಕಿ, ಅವುಗಳಲ್ಲಿ 5474 ನುಣುಪಾಗಿಯೂ 1850 ಸುಕ್ಕಾಗಿಯೂ ಇದ್ದವು. ಈ ಎಣಿಕೆಯಲ್ಲಿ ನನಗೆ ಇಷ್ಟವಾದ ಸಂಗತಿಯೆಂದರೆ, ಮೆಂಡೆಲ್ ಅದಕ್ಕಾಗಿ ಇನ್ನೊಂದು ವರ್ಷ ಕಾಯಬೇಕಾಗಿರಲಿಲ್ಲ. ಕಾಯಿಯ ಸಿಪ್ಪೆ ತಾಯಿಗಿಡದ್ದು, ಒಳಗಿನ ಒಂದೊಂದು ಕಾಳೂ ಮುಂದಿನ ತಲೆಮಾರಿನ ಕೂಸು. ಆದ್ದರಿಂದ ಒಂದೇ ಕಾಯಿಯನ್ನು ಸುಲಿದರೆ ನುಣುಪು ಮತ್ತು ಸುಕ್ಕು ಒಡಹುಟ್ಟಿದವುಗಳಂತೆ ಅಕ್ಕಪಕ್ಕ ಕೂತಿರುವುದು ಕಾಣುತ್ತದೆ.

ಆ ಸುಕ್ಕಿಗೆ ಕಾರಣವೇನೆಂದು ಮೆಂಡೆಲ್‌ಗೆ ಗೊತ್ತಿರಲಿಲ್ಲ, ಗೊತ್ತಾಗುವ ಸಾಧ್ಯತೆಯೂ ಇರಲಿಲ್ಲ. 1903ರಲ್ಲಿ ಗ್ರೆಗರಿ ಎಂಬ ಸಸ್ಯವಿಜ್ಞಾನಿ ಕಾಳುಗಳ ಪಿಷ್ಟವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನುಣುಪು ಕಾಳಿನ ಪಿಷ್ಟದ ಹರಳುಗಳು ದೊಡ್ಡವಾಗಿ, ಇಡಿಯಾಗಿ ಇದ್ದವು. ಸುಕ್ಕು ಕಾಳಿನವು ಬಿರುಕುಬಿಟ್ಟು ಹಲವು ಚೂರುಗಳು ಅಂಟಿಕೊಂಡಂತೆ ಇದ್ದವು. ಅಲ್ಲಿಂದ ಎಂಟು ದಶಕಗಳ ಮೇಲೆ, 1988ರಲ್ಲಿ, ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ನೆಸ್ ಸಂಸ್ಥೆಯ ಅಲಿಸನ್ ಸ್ಮಿತ್, ಸುಕ್ಕು ಬಟಾಣಿಯ ಎಳೆಯ ಕಾಳಿನಲ್ಲಿ ಪಿಷ್ಟಕ್ಕೆ ಕವಲೊಡೆಸುವ ಕಿಣ್ವದ (ಜೀವಕೋಶದ ರಾಸಾಯನಿಕ ಕೆಲಸ ನಡೆಸುವ ಪ್ರೋಟೀನಿನ) ಒಂದು ಮುಖ್ಯ ರೂಪವೇ ಕಾಣೆಯಾಗಿದೆ ಎಂದು ತೋರಿಸಿದರು.

ಕಿಣ್ವ ಗೊತ್ತಾದ ಮೇಲೆ ಜೀನ್ ಹಿಡಿಯಲು ದಾರಿ ತೆರೆಯಿತು. ಮದನ್ ಭಟ್ಟಾಚಾರ್ಯ, ಕ್ಯಾಥಿ ಮಾರ್ಟಿನ್ ಮತ್ತವರ ಸಂಗಡಿಗರು 1990ರಲ್ಲಿ ಅದನ್ನು ಹಿಡಿದರು. ಬೆಳೆಯುತ್ತಿರುವ ಕಾಳಿನಲ್ಲಿ ಆ ಹೊತ್ತಿಗೆ ಕೆಲಸ ಮಾಡುತ್ತಿರುವ ಜೀನುಗಳ ಆರ್‌ಎನ್‌ಎ ನಕಲುಗಳಿರುತ್ತವೆ. ಅವನ್ನು ಮತ್ತೆ ಡಿಎನ್‌ಎಗೆ ತಿರುಗಿಸಿ, ಒಂದೊಂದನ್ನು ಒಂದೊಂದು ವೈರಾಣುವಿಗೆ ಸೇರಿಸಿ, ಬ್ಯಾಕ್ಟೀರಿಯಾಗಳ ಮೇಲೆ ಬಿಟ್ಟರೆ, ತಟ್ಟೆಯ ಒಂದೊಂದು ಚುಕ್ಕೆಯಲ್ಲಿಯೂ ಬಟಾಣಿಯ ಯಾವುದೋ ಒಂದು ಪ್ರೋಟೀನಿನ ತುಣುಕು ತಯಾರಾಗುತ್ತದೆ. ನಮಗೆ ಬೇಕಾದ ಕಿಣ್ವಕ್ಕೆ ಮಾತ್ರ ಅಂಟುವ ಪ್ರತಿಕಾಯವನ್ನು ಅದರ ಮೇಲೆ ಹರಿಸಬೇಕು. ಜಾತ್ರೆಯ ಗದ್ದಲದಲ್ಲಿ ತಾಯಿ ಮಗುವಿನ ಹೆಸರು ಹಿಡಿದು ಕೂಗಿದರೆ ಸಾವಿರ ಮಕ್ಕಳಲ್ಲಿ ಒಂದೇ ಮಗು ತಿರುಗಿ ನೋಡುವಂತೆ, ಸಾವಿರಾರು ಚುಕ್ಕೆಗಳಲ್ಲಿ ಎಲ್ಲೋ ಒಂದೆರಡು ಗುರುತು ತೋರಿಸುತ್ತವೆ.

ಹೀಗೆ ಸಿಕ್ಕ ತುಂಡನ್ನು ಹಿಡಿದು ಎರಡೂ ತಳಿಗಳ ಡಿಎನ್‌ಎಯನ್ನು ಹೋಲಿಸಿದಾಗ, ಸುಕ್ಕು ಬಟಾಣಿಯ ಜೀನು ನುಣುಪಿನದಕ್ಕಿಂತ ಸುಮಾರು 800 ಅಕ್ಷರಗಳಷ್ಟು ಹೆಚ್ಚು ಉದ್ದವಾಗಿತ್ತು. ನಡುವೆ ಏನೋ ಬಂದು ಸೇರಿಕೊಂಡಿತ್ತು. ಅದರ ಎರಡು ತುದಿಗಳ ಬರಹ, ಮುಸುಕಿನ ಜೋಳದಲ್ಲಿ ಬಾರ್ಬರಾ ಮೆಕ್‌ಕ್ಲಿಂಟಾಕ್ ಕಂಡುಹಿಡಿದ, ಜಾಗ ಬದಲಿಸುವ ಜೀನುಗಳ ತುದಿಗಳನ್ನೇ ಹೋಲುತ್ತಿತ್ತು. ಸಂಕರದ ಪೀಳಿಗೆಯಲ್ಲಿಯೂ ಈ ಉದ್ದನೆಯ ತುಂಡು ಸುಕ್ಕಿನ ಬೆನ್ನು ಬಿಡದೆ ಹೋಗುತ್ತಿತ್ತು. ಅಂದರೆ ಮೆಂಡೆಲ್ ಎಣಿಸಿದ 1850 ಕಾಳುಗಳ ಹಿಂದೆ ಇದ್ದದ್ದು ಎಂದೋ ಹಾರಿಬಂದು ತಪ್ಪು ಜಾಗದಲ್ಲಿ ಕೂತ ಡಿಎನ್‌ಎಯ ಒಂದು ಚೂರು.

ಜೀನನ್ನು ಹಿಡಿಯುವುದು ಅರ್ಧ ಕೆಲಸ. ಅದು ಮಾಡುವುದೇನು ಎಂದು ತಿಳಿಯುವುದು ಉಳಿದರ್ಧ, ಮತ್ತು ರುಚಿ ಇರುವುದು ಅಲ್ಲಿಯೇ. ಪಿಷ್ಟವೆಂದರೆ ಗ್ಲೂಕೋಸ್ ಮಣಿಗಳ ಸರ. ಕವಲಿಲ್ಲದ ಸರ ಅಮೈಲೋಸ್, ಕವಲೊಡೆದದ್ದು ಅಮೈಲೋಪೆಕ್ಟಿನ್. ಹೊಸ ಮಣಿ ಸೇರುವುದು ಸರದ ತುದಿಯಲ್ಲಿ ಮಾತ್ರ, ಕವಲಿಲ್ಲದ ಸರಕ್ಕೆ ಅಂಥ ತುದಿ ಒಂದೇ. ಕುಡಿ ಚಿವುಟಿದ ಚೆಂಡುಹೂವಿನ ಗಿಡ ಹತ್ತು ಕಡೆ ಕವಲೊಡೆದು ಹತ್ತು ಕಡೆಯೂ ಚಿಗುರುವ ಹಾಗೆ, ಕಿಣ್ವವು ಸರಕ್ಕೆ ಕವಲು ಕೂಡಿಸಿದಷ್ಟೂ ಮಣಿ ಸೇರುವ ತುದಿಗಳು ಹೆಚ್ಚುತ್ತವೆ. ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಬಹುದು: ನ್ಯಾಯಬೆಲೆ ಅಂಗಡಿಯಲ್ಲಿ ಹತ್ತು ಕಿಟಕಿಗಳಿದ್ದರೆ ಸಾಲು ಬೇಗ ಕರಗುತ್ತದೆ, ಒಂದೇ ಕಿಟಕಿಯಿದ್ದರೆ ಜನ ರಸ್ತೆಯವರೆಗೆ ನಿಲ್ಲುತ್ತಾರೆ. ಸುಕ್ಕು ಬಟಾಣಿಯಲ್ಲಿ ಹೀಗೆ ರಸ್ತೆಯಲ್ಲಿ ನಿಂತದ್ದು ಸಕ್ಕರೆ. ಗಿಡ ಕಳಿಸಿದ ಸುಕ್ರೋಸ್ ಪಿಷ್ಟವಾಗಲಾರದೆ ಜೀವಕೋಶದಲ್ಲಿಯೇ ಉಳಿಯುತ್ತದೆ. ಮಾವಿನ ಹೋಳಿಗೆ ಉಪ್ಪು ಹಾಕಿದರೆ ಹೊರಗಿನ ಉಪ್ಪು ಹೋಳಿನ ನೀರನ್ನು ಎಳೆಯುವುದನ್ನು ಉಪ್ಪಿನಕಾಯಿ ಹಾಕುವವರೆಲ್ಲ ನೋಡಿದ್ದಾರೆ. ಇಲ್ಲಿ ಒಳಗಿನ ಸಕ್ಕರೆ ಹೊರಗಿನ ನೀರನ್ನು ಎಳೆಯುತ್ತದೆ. ಕಾಳು ನೀರು ಕುಡಿದು ಉಬ್ಬುತ್ತದೆ, ಹೊರಗಿನ ಸಿಪ್ಪೆಯೂ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ. ಬಲಿತು ಒಣಗಿದಾಗ ನೀರು ಹೋಗುತ್ತದೆ, ತುಂಬಿಕೊಳ್ಳಬೇಕಾಗಿದ್ದ ಪಿಷ್ಟ ಇಲ್ಲ, ಸಿಪ್ಪೆ ಮಾತ್ರ ದೊಡ್ಡದು. ದೊಡ್ಡಪ್ಪನ ಅಂಗಿ ತೊಟ್ಟ ಹುಡುಗನ ಮೈಮೇಲೆ ಬೀಳುವ ಮಡಿಕೆಗಳೇ ಆ ಸುಕ್ಕು.

ಹೀಗಾಗಿ ಸುಕ್ಕನ್ನು ‘ಮಾಡುವ’ ಜೀನೆಂಬುದು ಬಟಾಣಿಯಲ್ಲಿ ಇಲ್ಲ. ಕವಲೊಡೆಸುವ ಕಿಣ್ವವೊಂದರ ಜೀನ್ ಇದೆ, ಅದು ಕೆಟ್ಟಿದೆ, ಸುಕ್ಕು ಅದರ ಮೂರು ನಾಲ್ಕು ಹೆಜ್ಜೆ ಆಚೆಯ ಪರಿಣಾಮ. ಪಿಷ್ಟ ತಯಾರಿಯ ಬೇರೆ ಹಂತಗಳ ಜೀನುಗಳು ಕೆಟ್ಟಾಗಲೂ ಬಟಾಣಿ ಸುಕ್ಕಾಗುವುದನ್ನು ಮುಂದೆ ಅದೇ ಸಂಸ್ಥೆಯವರು ಕಂಡರು. ನಾಲೆ ಎಲ್ಲಿ ಒಡೆದರೂ ಕೊನೆಭಾಗದ ಗದ್ದೆ ಒಣಗುತ್ತದೆ, ಒಡೆದ ಜಾಗಕ್ಕೆ ‘ಬರದ ತೂಬು’ ಎಂದು ಯಾರೂ ಹೆಸರಿಡುವುದಿಲ್ಲ.

ನಮ್ಮ ಪಠ್ಯಪುಸ್ತಕಗಳ ‘ಪ್ರಬಲ’, ‘ದುರ್ಬಲ’ ಎಂಬ ಪದಗಳೂ ಈ ಗೊಂದಲಕ್ಕೆ ನೀರೆರೆದಿವೆ. ಒಂದು ಜೀನ್ ಇನ್ನೊಂದರ ಕುತ್ತಿಗೆ ಹಿಡಿದು ಕೂತಂತೆ ಅವು ಕೇಳಿಸುತ್ತವೆ. ನಡೆಯುವುದು ಅಂಥ ಕುಸ್ತಿಯಲ್ಲ. ಕಾಳಿಗೆ ತಂದೆಯಿಂದೊಂದು, ತಾಯಿಯಿಂದೊಂದು ಎಂದು ಪ್ರತಿ ಜೀನಿನ ಎರಡು ಪ್ರತಿಗಳು ಬರುತ್ತವೆ; ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಪ್ರತಿ ಒದಗಿಸುವ ಕಿಣ್ವ ಕಾಳನ್ನು ನುಣುಪಾಗಿಡಲು ಸಾಕಾಗುತ್ತದೆ, ಅಷ್ಟೇ. 1908ರಲ್ಲಿಯೇ ಡಾರ್ಬಿಶೈರ್ ಎಂಬವರು ಇಂಥ ಸಂಕರ ಕಾಳುಗಳನ್ನು ಒಡೆದು ನೋಡಿದ್ದರು: ಹೊರಗಿನಿಂದ ಪೂರ್ತಿ ನುಣುಪು, ಒಳಗಿನ ಪಿಷ್ಟದ ಹರಳುಗಳು ಮಾತ್ರ ಎರಡು ತಳಿಗಳ ನಡುವಿನವು. ಕಣ್ಣಿಗೆ ‘ಪ್ರಬಲ’ವಾದದ್ದು ಸೂಕ್ಷ್ಮದರ್ಶಕಕ್ಕೆ ಹಾಗೆ ಕಾಣಲಿಲ್ಲ.

ಮೆಂಡೆಲ್‌ನ ಆ ಚೂರು ನಮ್ಮ ಅಡುಗೆಮನೆಗೂ ಬಂದಿದೆ. ಮಸಾಲೆಪುರಿಗೆ ರಾತ್ರಿ ನೆನೆಹಾಕುವ ಒಣ ಬಟಾಣಿ ಸಾಮಾನ್ಯವಾಗಿ ದುಂಡಗಿನ, ಪಿಷ್ಟ ತುಂಬಿದ ಜಾತಿ, ಅದಕ್ಕೇ ಬೆಂದರೆ ಹಿಟ್ಟಾಗಿ ಗಟ್ಟಿ ರಸ ಕೊಡುತ್ತದೆ. ಎಳೆಯದಾಗಿ ಸುಲಿದು ಮಂಜುಪೆಟ್ಟಿಗೆಯಲ್ಲಿಟ್ಟು ಮಾರುವ ಸಿಹಿ ಬಟಾಣಿ ಬಹುಪಾಲು ಸುಕ್ಕಿನ ಜಾತಿಯದು, ಅದರ ಸಿಹಿ ಪಿಷ್ಟವಾಗದೆ ಉಳಿದ ಸಕ್ಕರೆಯದ್ದು. ಆ ಸಿಹಿಗೆ ರೈತ ಬೆಲೆಯನ್ನೂ ತೆರುತ್ತಾನೆ: ತಣ್ಣನೆಯ ಒದ್ದೆ ಮಣ್ಣಿನಲ್ಲಿ ಸುಕ್ಕಿನ ಬೀಜ ಬೇಗ ಕೊಳೆಯುವುದರಿಂದ, ಇಂಗ್ಲೆಂಡಿನ ತೋಟಗಾರರು ಚಳಿ ಕಳೆಯುವ ಮೊದಲೇ ಬಿತ್ತುವುದಾದರೆ ಇಂದಿಗೂ ದುಂಡು ಕಾಳನ್ನೇ ಆರಿಸಿಕೊಳ್ಳುತ್ತಾರೆ.