ಮರೆತದ್ದೋ, ಒಳಗೇ ಬಿಟ್ಟುಕೊಳ್ಳದ್ದೋ?

"ಅಪ್ಪ ಅಮ್ಮನ ಜೊತೆ ಹೇಗಿದ್ರಿ?" ಅಂತ ಕೇಳಿದರೆ ಕೆಲವರು "ಚೆನ್ನಾಗೇ ಇತ್ತು" ಅಂತ ಒಂದೇ ಮಾತಿಗೆ ಮುಗಿಸುತ್ತಾರೆ. ಒಂದು ಘಟನೆ ಹೇಳಿ ಅಂದರೆ ನೆನಪಿಲ್ಲ. ಇನ್ನು ಕೆಲವರದು ಮಾತು ನಿಲ್ಲುವುದೇ ಇಲ್ಲ, ಯಾವ ಕಾಲದ್ದೋ ಜಗಳ ನಿನ್ನೆ ನಡೆದಂತೆ ಬಿಸಿಬಿಸಿಯಾಗಿ ಹೊರಬರುತ್ತದೆ. ಇದು ಬರೀ ಜ್ಞಾಪಕಶಕ್ತಿಯ ಹೆಚ್ಚುಕಡಿಮೆ ಅಲ್ಲ ಅಂತ ಗೊತ್ತಾಗಲು ಮನೋವಿಜ್ಞಾನಕ್ಕೆ ದಶಕಗಳೇ ಹಿಡಿದವು.

ಅದಕ್ಕೆ ದಾರಿ ತೋರಿದ್ದು ಬಾಂಧವ್ಯದ ಸಿದ್ಧಾಂತ (ಅಟ್ಯಾಚ್‌ಮೆಂಟ್ ಥಿಯರಿ), ಅಂದರೆ ಮಗುವಿಗೂ ಸಾಕುವವರಿಗೂ ನಡುವಿನ ನಂಟಿನ ಬಗೆಗಿನದು. ಅದು ಶುರುವಾದದ್ದು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿಯಿಂದ. ತಾಯಿಯಿಂದ ದೂರವಾದ ಮಕ್ಕಳ ಬಗ್ಗೆ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದುಕೊಟ್ಟವರು ಅವರೇ. ಕರೆದರೆ ಯಾರಾದರೂ ಬರುತ್ತಾರಾ, ಇಲ್ಲವಾ? ಮಗು ಇದರ ಅಂದಾಜನ್ನು ತಲೆಯಲ್ಲೇ ಕಟ್ಟಿಕೊಳ್ಳುತ್ತದೆ, ಮುಂದಿನ ಸಂಬಂಧಗಳನ್ನೂ ಅದರಿಂದಲೇ ಅಳೆಯುತ್ತದೆ ಅನ್ನುವುದು ಅವರ ವಾದ. ಅಂದರೆ ಯೋಚನೆ, ನೆನಪು ಎರಡೂ ಈ ಸಿದ್ಧಾಂತದೊಳಗೆ ಮೊದಲಿಂದಲೇ ಇದ್ದವು. ಅಳೆಯುವ ದಾರಿ ಮಾತ್ರ ಇರಲಿಲ್ಲ.

ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ಗಮನಿಸಿದರು. ತಾಯಿ ಕೆಲವು ನಿಮಿಷ ಕೋಣೆಯಿಂದ ಹೊರಗೆ ಹೋಗಿ ಬರಬೇಕು, ಅಷ್ಟೇ. ಅವರು ಮುಖ್ಯವಾಗಿ ನೋಡಿದ್ದು ಮಗು ಎಷ್ಟು ಅತ್ತಿತು ಅಂತಲ್ಲ, ಅಮ್ಮ ವಾಪಸ್ ಬಂದಾಗ ಏನು ಮಾಡಿತು ಅಂತ. ಕೆಲವು ಮಕ್ಕಳು ಓಡಿ ಬಂದು ಸಮಾಧಾನವಾದವು. ಕೆಲವು ಎತ್ತಿಕೊಂಡರೂ ಸಿಟ್ಟು ಬಿಡಲಿಲ್ಲ. ಇನ್ನು ಕೆಲವು ತಿರುಗಿಯೂ ನೋಡದೆ ಆಟಿಕೆ ಹಿಡಿದು ಕೂತವು. ಆಮೇಲಿನ ಸಂಶೋಧಕರು ಎದೆಬಡಿತ ಅಳೆದಾಗ, ಈ "ತಣ್ಣಗಿದ್ದ" ಮಕ್ಕಳದ್ದೂ ಏರಿತ್ತು. ಇಡೀ ಕಥೆಯ ಬೀಜ ಇಲ್ಲೇ ಇದೆ ಅಂತ ನನಗನಿಸುತ್ತದೆ.

1980ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಮೇರಿ ಮೇನ್ ಮತ್ತು ಜೊತೆಗಾರರು ದೊಡ್ಡವರಿಗಾಗಿ ಒಂದು ಸಂದರ್ಶನ ರೂಪಿಸಿದರು. ತಾಯಿಯ ಜೊತೆಗಿನ ಸಂಬಂಧಕ್ಕೆ ಐದು ವಿಶೇಷಣ ಕೊಡಿ ಅನ್ನುತ್ತಾರೆ. ಆಮೇಲೆ ಒಂದೊಂದಕ್ಕೂ ನೆನಪು ಕೇಳುತ್ತಾರೆ. "ಪ್ರೀತಿ ತುಂಬಿದ್ದು" ಅಂದಿರಲ್ಲ, ಯಾವಾಗ, ಏನಾಗಿತ್ತು? ಅಲ್ಲಿ ಕೆಲವರು ತಡವರಿಸುತ್ತಾರೆ. ಬಾಲ್ಯ ಸುಖವಾಗಿತ್ತಾ ಅನ್ನುವುದಕ್ಕೆ ಅಂಕ ಇಲ್ಲ. ಹೇಳಿದ ಗುಣಕ್ಕೂ ಕೊಟ್ಟ ನೆನಪಿಗೂ ತಾಳೆಯಾಗುತ್ತಾ ಅನ್ನುವುದಕ್ಕಿದೆ. ಹೀಗೆ ಜನರನ್ನು ಗುಂಪು ಮಾಡುವ ವಿಂಗಡಣೆಗೂ ಒಟ್ಟಾರೆ ಜ್ಞಾಪಕಶಕ್ತಿಗೂ ನಂಟಿಲ್ಲ ಅಂತ 1993ರ ಡಚ್ ಅಧ್ಯಯನವೊಂದು ತೋರಿಸಿತು. ಮರೆವು ಆಯ್ದ ಜಾಗದಲ್ಲೇ ಇತ್ತು!

ಪ್ರೇಮ ಸಂಬಂಧಗಳಿಗೆ ಈ ಸಿದ್ಧಾಂತ ಹಬ್ಬಿದ್ದು 1987ರಲ್ಲಿ, ಮನೋವಿಜ್ಞಾನಿಗಳಾದ ಹೇಝನ್ ಮತ್ತು ಶೇವರ್ ಅವರಿಂದ. ಈಗ ಆನ್‌ಲೈನಿನಲ್ಲಿ ಓಡಾಡುವ "ನೀವು ಯಾವ ಟೈಪ್?" ಕ್ವಿಜ್‌ಗಳ ಮೂಲ ಅದೇ. ಟೈಪ್ ಅನ್ನುವುದೇ ಸ್ವಲ್ಪ ಮೋಸ ಅನ್ನಿ. ಅಳತೆಗಳು ಹೇಳುವ ಪ್ರಕಾರ ಇವು ಬೇರೆಬೇರೆ ಡಬ್ಬಿಗಳಲ್ಲ, ಎಲ್ಲರಲ್ಲೂ ಕಮ್ಮಿ ಜಾಸ್ತಿ ಇರುವ ಗುಣಗಳು: ಹತ್ತಿರವಾಗಲು ಹಿಂಜರಿಕೆ, ಕೈಬಿಡುತ್ತಾರೇನೋ ಅನ್ನುವ ಆತಂಕ.

ನನಗೆ ಹೆಚ್ಚು ಹಿಡಿಸಿದ್ದು 2000ದಲ್ಲಿ ಫ್ರೇಲಿ ಮತ್ತು ಸಂಗಡಿಗರು ಕೇಳಿದ ಪ್ರಶ್ನೆ. ಹತ್ತಿರವಾಗಲು ಹಿಂಜರಿಯುವವರು ನೋವಿನ ವಿಷಯ ಮರೆಯುತ್ತಾರಾ, ಅಥವಾ ಮೊದಲೇ ಒಳಗೆ ಬಿಟ್ಟುಕೊಳ್ಳುವುದಿಲ್ಲವಾ? ಆಪ್ತ ಸಂಬಂಧದ ಬಗೆಗಿನ ಒಂದು ಸಂದರ್ಶನ ಕೇಳಿಸಿದರು. ಕೆಲವರನ್ನು ಅರ್ಧ ಗಂಟೆಗೆ ಪರೀಕ್ಷಿಸಿದರು, ಕೆಲವರನ್ನು 21 ದಿನದವರೆಗೆ ಬಿಟ್ಟು. ಮರೆಯುವ ವೇಗ ಎಲ್ಲರದ್ದೂ ಒಂದೇ. ಆದರೆ ಹಿಂಜರಿಯುವವರ ತಲೆಗೆ ಮೊದಲು ಇಳಿದದ್ದೇ ಕಮ್ಮಿ. ಅವರು ಮರೆತಿರಲಿಲ್ಲ, ಬಾಗಿಲಲ್ಲೇ ತಡೆದಿದ್ದರು.

ಈ ತಡೆ ಪುಕ್ಕಟೆಯೇನಲ್ಲ. 2004ರಲ್ಲಿ ಮಿಕುಲಿನ್ಸರ್ ತಂಡ ಇಂಥವರಿಗೆ ಮುರಿದುಬಿದ್ದ ಸಂಬಂಧವನ್ನು ನೆನೆಯಬೇಡಿ ಅಂದಿತು. ಸಲೀಸಾಗಿ ಒತ್ತಿಹಾಕಿದರು. ಜೊತೆಗೆ ಏಳಂಕಿಯ ಸಂಖ್ಯೆಯೊಂದನ್ನು ನೆನಪಿಟ್ಟುಕೊಳ್ಳಿ ಅಂದಾಗ ಮಾತ್ರ ಹಿಡಿತ ಸಡಿಲವಾಯಿತು, ಅದುಮಿಟ್ಟದ್ದು ಮೇಲೆ ಬಂತು.

ಆತಂಕದ ಕಡೆ ವಾಲುವವರ ನೆನಪು ಬೇರೆ ಥರ ತಿರುಚಿಕೊಳ್ಳುತ್ತದೆ. ಸಿಂಪ್ಸನ್ ತಂಡ 2010ರಲ್ಲಿ ಜೋಡಿಗಳಿಂದ ಭಿನ್ನಾಭಿಪ್ರಾಯದ ವಿಷಯ ಮಾತಾಡಿಸಿ, ಹೇಗೆ ನಡೆದುಕೊಂಡಿರಿ ಅಂತ ಆಗಲೇ ಕೇಳಿ, ಒಂದು ವಾರ ಬಿಟ್ಟು ಮತ್ತೆ ಕೇಳಿತು. ಮಾತುಕತೆಯಲ್ಲಿ ತುಂಬ ಕಳವಳಪಟ್ಟಿದ್ದರೆ, ಆತಂಕದವರು ಆಗ ಹೇಳಿದ್ದಕ್ಕಿಂತ ತಾವು ಹೆಚ್ಚು ಹತ್ತಿರವಿದ್ದೆವು ಅಂತ ನೆನೆದರು. ಹತ್ತಿರವಾಗಲು ಹಿಂಜರಿಯುವವರು, ತಾವು ಆಗ ಹೇಳಿದ್ದಕ್ಕಿಂತ ಕಮ್ಮಿ ಆಸರೆ ಕೊಟ್ಟೆವು ಅಂದರು. ಅದೇ ಕೋಣೆ, ಅದೇ ಮಾತು, ಆದರೆ ನೆನಪು ವಾಲಿದ್ದು ಅವರವರಿಗೆ ಬೇಕಾದ ಕಡೆಗೆ.