ವಾದದ ನಡುವೆ ರೋಗನಿರ್ಣಯ

ಆನ್‌ಲೈನ್ ವಾದ ಕಾವೇರಿದಾಗ ಯಾರೋ ಒಬ್ಬರು ಬರೆಯುತ್ತಾರೆ: ‘ಇಪ್ಪತ್ತು ವರ್ಷದಿಂದ ಮನೋವೈದ್ಯನಾಗಿದ್ದೇನೆ. ನಿಮ್ಮ ಮಾತು ಓದಿದರೇ ಸಾಕು, ನೀವು ನಾರ್ಸಿಸಿಸ್ಟ್ ಅಂತ ಗೊತ್ತಾಗುತ್ತೆ.’ (ತಾನೇ ದೊಡ್ಡವನೆಂಬ ಭಾವ ಅತಿಯಾಗಿರುವ ವ್ಯಕ್ತಿತ್ವದೋಷ ಇರುವವರು ಎಂದರ್ಥ.) ಅಲ್ಲಿಗೆ ಚರ್ಚೆ ಮುಗಿಯಿತು. ಎದುರಿನವರು ಸಿಟ್ಟಾದರೆ ಅದೇ ರೋಗಲಕ್ಷಣ, ಸುಮ್ಮನಾದರೆ ಒಪ್ಪಿಕೊಂಡ ಹಾಗೆ.

ಬರೆದವರು ನಿಜಕ್ಕೂ ಮನೋವೈದ್ಯರೇ ಎಂದಿಟ್ಟುಕೊಳ್ಳೋಣ. ಆದರೂ ಆ ಮಾತಿಗೆ ತೂಕವಿಲ್ಲ ಎಂದೇ ನಾನು ಹೇಳುತ್ತೇನೆ.

ಖಿನ್ನತೆಯನ್ನೇ ನೋಡಿ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ 9 ಲಕ್ಷಣಗಳಲ್ಲಿ ಕನಿಷ್ಠ 5 ಎರಡು ವಾರ ಕಾಣಿಸಿಕೊಂಡಿರಬೇಕು. ಅವುಗಳಲ್ಲಿ ಒಂದು ಕುಗ್ಗಿದ ಮನಸ್ಸೋ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದೋ ಆಗಿರಲೇಬೇಕು. ನಿದ್ದೆ, ಹಸಿವು, ದಿನದ ಕೆಲಸ ಎಲ್ಲವನ್ನೂ ವಿಚಾರಿಸಬೇಕು. ಥೈರಾಯ್ಡ್ ತೊಂದರೆಯೋ ಯಾವುದಾದರೂ ಔಷಧಿಯೋ ಕಾರಣವಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಡಿಎಸ್‌ಎಂ-5ರ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬರೇ ರೋಗಿಯನ್ನು ಇಬ್ಬರು ತಜ್ಞರು ಬೇರೆಬೇರೆಯಾಗಿ ನೋಡಿದರು. ಖಿನ್ನತೆಯ ವಿಷಯದಲ್ಲಿ ಅವರ ಒಮ್ಮತದ ಅಳತೆ ಬರೀ 0.28. (ಪೂರ್ತಿ ಒಮ್ಮತವಿದ್ದರೆ 1, ಆಕಸ್ಮಿಕವಾಗಿ ಹೊಂದಿಕೆಯಾದಷ್ಟೇ ಆದರೆ 0.) ಎದುರಿಗೆ ಕೂರಿಸಿಕೊಂಡು ಕೇಳಿದಾಗಲೇ ಹೀಗೆ. ಇನ್ನು ಸಿಟ್ಟಿನಲ್ಲಿ ಬರೆದ ನಾಲ್ಕು ಸಾಲು ಓದಿ ಏನು ತಾನೇ ಹೇಳಲಾದೀತು?

ವೃತ್ತಿಯವರು ಈ ಪಾಠವನ್ನು ಕಷ್ಟಪಟ್ಟೇ ಕಲಿತರು. 1964ರಲ್ಲಿ ಅಮೆರಿಕದ ‘ಫ್ಯಾಕ್ಟ್’ ಪತ್ರಿಕೆ, ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಬ್ಯಾರಿ ಗೋಲ್ಡ್‌ವಾಟರ್ ಆ ಹುದ್ದೆಗೆ ಮಾನಸಿಕವಾಗಿ ಯೋಗ್ಯರೇ ಎಂದು 12,356 ಮನೋವೈದ್ಯರನ್ನು ಕೇಳಿತು. ಉತ್ತರಿಸಿದ 2,417 ಮಂದಿಯಲ್ಲಿ 1,189 ಜನ ಅಯೋಗ್ಯರೆಂದರು, ಅವರನ್ನು ಪರೀಕ್ಷಿಸದೆಯೇ! ಗೋಲ್ಡ್‌ವಾಟರ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ, ಖುದ್ದಾಗಿ ಪರೀಕ್ಷಿಸದೆ, ಒಪ್ಪಿಗೆಯಿಲ್ಲದೆ ಸಾರ್ವಜನಿಕ ವ್ಯಕ್ತಿಗಳ ಬಗ್ಗೆ ವೃತ್ತಿಪರ ಅಭಿಪ್ರಾಯ ಹೇಳಬಾರದೆಂದು ನಿಯಮ ಮಾಡಿತು. ಪದವಿ ತೋರಿಸಿ ಎದುರಾಳಿಗೆ ರೋಗದ ಹೆಸರಿಡುವವರು ಆ ಪದವಿ ಕಲಿಸಿದ ಪಾಠವನ್ನೇ ಬದಿಗಿಡುತ್ತಾರೆ.

‘ಇಪ್ಪತ್ತು ವರ್ಷ’ವೂ ಅಂಥ ದೊಡ್ಡ ಪುರಾವೆಯಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು 170 ಮನೋಚಿಕಿತ್ಸಕರ (ಥೆರಪಿಸ್ಟ್‌ಗಳ) ಆರೂವರೆ ಸಾವಿರಕ್ಕೂ ಹೆಚ್ಚು ರೋಗಿಗಳ ಫಲಿತಾಂಶ ನೋಡಿತು. ಅನುಭವ ಹೆಚ್ಚಿದಂತೆ ಫಲಿತಾಂಶ ಸರಾಸರಿಯಲ್ಲಿ ಸುಧಾರಿಸಿರಲಿಲ್ಲ, ತುಸು ಇಳಿದಿತ್ತು.

ಹಾಗಂತ ತಜ್ಞರು ಬಾಯಿ ಮುಚ್ಚಿಕೊಂಡಿರಲಿ ಎನ್ನುತ್ತಿಲ್ಲ, ಅವರು ಮಾತಾಡಲೇಬೇಕು. ಉದಾಹರಣೆಗೆ, ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಔಷಧಿ ತೆಗೆದುಕೊಳ್ಳುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ವಾಂತಿಭೇದಿಯಾಗಿ ಮೈಯ ನೀರಿನಂಶ ಇಳಿದರೆ ರಕ್ತದಲ್ಲಿ ಲಿಥಿಯಂ ಮಟ್ಟ ಅಪಾಯಕ್ಕೇರಬಹುದು. ಇಂಥ ಮಾತನ್ನು ಯಾರು ಬೇಕಾದರೂ ಪರಿಶೀಲಿಸಿ ನೋಡಬಹುದು. ‘ಸಾಯುವ ಯೋಚನೆ ಬರುತ್ತಿದೆಯಾ’ ಎಂದು ಕೇಳಿದರೆ ತಲೆಗೆ ಆ ಯೋಚನೆ ತುಂಬಿದಂತೆ ಎಂದು ಹೆದರುವವರು ಬಹಳ. ಸಂಶೋಧನೆಗಳಲ್ಲಿ ಆ ಭಯಕ್ಕೆ ಆಧಾರ ಸಿಕ್ಕಿಲ್ಲ. ಸ್ನೇಹಿತರನ್ನು ನೇರವಾಗಿ ಕೇಳಬಹುದು, ಕೇಳಬೇಕು.